ಕಂಬಳಿ ಹೊದ್ದ ಹೊಲಿಗೆ ಮಿಷನ್

ನಮ್ಮ ಓಣಿಗೆ ಹೆಗಲಿಗೆ ಚೀಲ ಹಾಕಿಕೊಂಡ ಹೊಸಬರು ಯಾರಾದರೂ ಕಾಲಿಟ್ಟರೆ ಸಾಕು, ಮೂಲೆಯ ಸೈಕಲ್ ರಿಪೇರಿಯವನು ಜೋರಾಗಿ ಕೆಮ್ಮುತ್ತಾನೆ. ಅವನಿಗೆ ಕೆಮ್ಮೂ ಇಲ್ಲ, ದಮ್ಮೂ ಇಲ್ಲ. ಅದು ಓಣಿಗೆಲ್ಲ ಸೂಚನೆ. ಕೆಮ್ಮು ಕೇಳಿದ್ದೇ ತಡ, ಇಸ್ತ್ರಿಯವನು ತನ್ನ ಪೆಟ್ಟಿಗೆಯನ್ನು ನೀರಿನ ಡ್ರಮ್ಮಿನ ಹಿಂದೆ ತಳ್ಳುತ್ತಾನೆ. ಕೂದಲು ಕತ್ತರಿಸುವವಳು ದೊಡ್ಡ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಅರ್ಧ ಕೂದಲು ಕತ್ತರಿಸಿಕೊಂಡ ಗಿರಾಕಿಯನ್ನು "ನಮ್ಮ ದೊಡ್ಡಮ್ಮನ ಮಗ" ಎಂದುಬಿಡುತ್ತಾಳೆ. ಪಾಪ, ಆ ಗಿರಾಕಿ ಅರ್ಧ ತಲೆಯಲ್ಲೇ ಕೂತಿರಬೇಕು.

ಯಾಕೆ ಈ ಗಡಿಬಿಡಿ? ಬರುವವರಲ್ಲಿ ಎರಡು ಜಾತಿ. ಒಬ್ಬರು ತೆರಿಗೆ ಕಚೇರಿಯವರು, ಇನ್ನೊಬ್ಬರು ನೆರವಿನ ಕಚೇರಿಯವರು. ತೆರಿಗೆಯವರಾದರೆ ನಮ್ಮ ಅಂಗಡಿ ಕಾಣಬಾರದು. ನೆರವಿನವರಾದರೆ ನಮ್ಮ ದುಡಿಮೆ ಕಾಣಬಾರದು. ಬಂದವರು ಯಾರೆಂದು ವಿಚಾರಿಸುವಷ್ಟು ಪುರಸೊತ್ತು ಯಾರಿಗಿದೆ? ಎಲ್ಲವನ್ನೂ ಬಚ್ಚಿಟ್ಟುಬಿಟ್ಟರೆ ಆಯಿತಲ್ಲ!

ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ನನಗೂ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ. ಸೋಪಿನ ಪುಡಿಯ ಪೊಟ್ಟಣದ ಮೇಲೆ ತೂಕ ಬರೆದಿದ್ದರೂ ಕೈಯಲ್ಲಿ ಎತ್ತಿ ನೋಡಿಯೇ ತೆಗೆದುಕೊಳ್ಳುವ ಪೈಕಿ ನಾನು. ಹಾಗಾಗಿ ಅನುಮಾನ ಪಡುವವರನ್ನು ಬೈಯಲು ನಾನು ಈ ಕಥೆ ಹೇಳುತ್ತಿಲ್ಲ. ನಮ್ಮ ಎದುರುಮನೆಯಲ್ಲಿ ಅನುಮಾನ ಎಂಥ ಎಡವಟ್ಟು ಮಾಡಿತು ಎಂದು ಹೇಳುತ್ತೇನೆ, ಕೇಳಿ.

ಎದುರುಮನೆಯ ಯಜಮಾನಿಗೆ ಓಣಿಯಲ್ಲಿ ಬೀಗದಮ್ಮ ಎಂದೇ ಹೆಸರು. ಕೊರಳಲ್ಲಿ ದಾರ, ದಾರದಲ್ಲಿ ಬೀಗದ ಕೈ ಗೊಂಚಲು. ಸಕ್ಕರೆ ಡಬ್ಬಕ್ಕೆ ಬೀಗ, ಬೆಂಕಿಪೊಟ್ಟಣದ ಗೂಡಿಗೆ ಬೀಗ. ಒಮ್ಮೆ ಖಾಲಿ ಪೆಟ್ಟಿಗೆಗೂ ಬೀಗ ಹಾಕುತ್ತಿದ್ದರು. "ಅದ್ರಲ್ಲಿ ಏನೂ ಇಲ್ವಲ್ಲಮ್ಮಾ?" ಎಂದೆ. "ಏನೂ ಇಲ್ಲ ಅಂತ ಗೊತ್ತಾಗ್ಬಾರದಲ್ಲ, ಅದಕ್ಕೆ" ಎಂದರು. ಅಂಥ ಹೆಂಗಸು.

ಅವರ ಮಗ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವನು. ಕೆಲವು ವರ್ಷಗಳ ಹಿಂದೆ ಸೋಪಿನ ನೀರಿನಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡ. ಆಗ ಮನೆಯಲ್ಲಿ ದುಡಿಯುವವರು ಯಾರೂ ಇರಲಿಲ್ಲ, ತಿನ್ನುವ ಬಾಯಿ ಮಾತ್ರ ಐದಿದ್ದವು. ಸರ್ಕಾರದ ನೆರವು ಆಗ ಶುರುವಾಯಿತು. ಅದರಿಂದ ಒಲೆ ಉರಿಯಿತು, ಮಕ್ಕಳಿಬ್ಬರೂ ಶಾಲೆ ಬಿಡಲಿಲ್ಲ. ಆ ಹೊತ್ತಿನಲ್ಲೇ ಸೊಸೆ ಪುಕ್ಕಟೆ ಹೊಲಿಗೆ ತರಗತಿಗೆ ಹೋಗಿ ಕೆಲಸ ಕಲಿತಳು. ಹಳೆಯ ಮಿಷನ್ನೊಂದನ್ನು ಕೊಂಡಳು. ಕೈ ಎಷ್ಟು ಚೊಕ್ಕ ಎಂದರೆ, ಅವಳು ಹಾಕಿದ ತೇಪೆಯನ್ನು ಬೆಳಕಿಗೆ ಹಿಡಿದು ಹುಡುಕಬೇಕು.

ಆದರೆ ಆ ಮಿಷನ್ನಿಗೆ ಬಂದ ಗತಿ ಕೇಳಬೇಡಿ. ನೆರವಿನ ಕಚೇರಿಯಿಂದ ಆಗಾಗ ಮನೆ ನೋಡಲು ಒಬ್ಬ ಕಾರ್ಯಕರ್ತೆ ಬರುತ್ತಿದ್ದರು. ಓಣಿಯವರು ಅವರಿಗೆ ಇಟ್ಟ ಹೆಸರು ಬೇಹುಗಾರಮ್ಮ. ಬೇಹುಗಾರಮ್ಮನ ಕಣ್ಣಿಗೆ ಮಿಷನ್ ಬಿದ್ದರೆ ನೆರವು ನಿಂತುಹೋಗುತ್ತದೆ ಎಂಬುದು ಬೀಗದಮ್ಮನ ಅಚಲ ನಂಬಿಕೆ. ಅದಕ್ಕೇ ಮಿಷನ್ನಿಗೆ ಹಗಲೆಲ್ಲ ಕಂಬಳಿ. ಹೊಲಿಯುವಾಗ ಸದ್ದು ಕೇಳದಂತೆ ಕೆಳಗೊಂದು ಹಾಸಿಗೆ. ಬಾಗಿಲು ಮುಚ್ಚಿಯೇ ಹೊಲಿಗೆ. ಗಿರಾಕಿಗಳು ಬಟ್ಟೆಯನ್ನು ತರಕಾರಿ ಚೀಲದಲ್ಲಿ ಮುಚ್ಚಿ ತರಬೇಕು. ಕೆಮ್ಮು ಕೇಳಿಸಿತೋ, ಬೀಗದಮ್ಮ ಕಂಬಳಿ ಹೊದ್ದ ಮಿಷನ್ನಿನ ಪಕ್ಕದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿ "ಅಯ್ಯೋ ಅಮ್ಮಾ" ಎಂದು ನರಳಲು ಶುರು. ಬೇಹುಗಾರಮ್ಮ ಎಷ್ಟು ಸಲ ಬಂದುಹೋದರೂ ಬೀಗದಮ್ಮ ಅವರ ಮುಖವನ್ನೇ ನೋಡಿರಲಿಲ್ಲ. ನೋಡಿದ್ದು ಗೋಡೆಯ ಸುಣ್ಣವನ್ನು ಮಾತ್ರ. ಈ ಮಾತು ನೆನಪಿಟ್ಟುಕೊಳ್ಳಿ, ಎಡವಟ್ಟು ಆದದ್ದೇ ಇದರಿಂದ.

ಈ ನಡುವೆ ಡಿಪೋದವರು ಮಗನನ್ನು ಕರೆದು, "ನಿಂತು ಕೆಲಸ ಮಾಡೋಕೆ ಆಗಲ್ಲ ಅಂದ್ರೆ ಮುಂದಿನ ತಿಂಗಳಿಂದ ಬರ್ಬೇಡ" ಎಂದುಬಿಟ್ಟರು. ಕಾಲು ಕೂಡಿಕೊಂಡ ಮೇಲೆ ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದ, ಆದರೆ ಹೊತ್ತು ಹೋದಂತೆ ಕಾಲು ಊದಿಕೊಳ್ಳುತ್ತಿತ್ತು. ಅವನ ಸಂಬಳ ನಿಂತರೆ ನೆರವೊಂದರಲ್ಲೇ ಬದುಕು ಸಾಗುವ ಹಾಗಿರಲಿಲ್ಲ. ಸೊಸೆ ನನ್ನ ಮುಂದೆ ಕಣ್ಣೀರು ಹಾಕಿದಳು. ಅದೇ ವಾರ ನಮ್ಮ ಆಸ್ಪತ್ರೆಯ ಮೇಟ್ರನ್, ರೋಗಿಗಳಿಗೆ ಹಾಕುವ ನಿಲುವಂಗಿಗಳನ್ನು ಹೊಲಿಯಲು ಒಳ್ಳೆಯ ದರ್ಜಿ ಬೇಕು ಎಂದು ಹುಡುಕುತ್ತಿದ್ದರು. ಹೊಲಿಗೆ ಸುಲಭ, ಬೆನ್ನಿಗೆ ಎರಡು ಲಾಡಿ, ಅಷ್ಟೇ. ಆದರೆ ವರ್ಷವಿಡೀ ಕೆಲಸ. ನಾನು ಎದುರುಮನೆ ಸೊಸೆಯ ವಿಷಯ ಹೇಳಿದೆ. "ಗುರುವಾರ ಬಂದು ನೋಡ್ತೀನಿ. ಆದ್ರೆ ಬೋರ್ಡು ಹಾಕಿರೋ ಅಂಗಡಿ ಆಗಿರ್ಬೇಕು, ನೋಂದಣಿ ಆಗಿರ್ಬೇಕು, ಬಿಲ್ಲು ಕೊಡ್ಬೇಕು" ಎಂದರು ಮೇಟ್ರನ್.

ನಾನು ಓಡಿಬಂದು ಹೇಳಿದೆ. ಸೊಸೆಯ ಮುಖ ಅರಳಿತು. ಬೀಗದಮ್ಮನ ಮುಖ ಮುಚ್ಚಿಕೊಂಡಿತು.

"ಬೋರ್ಡಾ? ಬೀದೀಲಿ ನಿಂತು ಡಂಗುರ ಹೊಡ್ಸಿಬಿಡು, ಇನ್ನೂ ಅಗ್ಗ ಆಗುತ್ತೆ" ಎಂದರು. "ನನ್ನ ತಂಗಿ ಮನೇಲಿ ಹಳೇ ಫ್ಯಾನು ತಿರುಗ್ತಿತ್ತು. ಕಚೇರಿಯವರು ನೋಡಿದ್ರು. ಮುಂದಿನ ತಿಂಗಳಿಂದ ನೆರವು ಬಂದ್! ಫ್ಯಾನ್ ಗಾಳಿ ತಿಂದ್ಕೊಂಡು ಬದ್ಕೋಕಾಗುತ್ತೇನೇ?"

ಅಷ್ಟು ಹೊತ್ತಿಗೆ ಬೀಗದಮ್ಮನ ತಮ್ಮ ಬಂದ. ಬೀದಿಯ ತುದಿಯಲ್ಲಿ ಟೈರ್ ಅಂಗಡಿ ಇಟ್ಟವನು, ಎಲ್ಲರೂ ಟೈರ್ ಮಾವ ಎನ್ನುತ್ತಾರೆ. ಮಾತಿನಲ್ಲಿ ಗಾಳಿ ಸ್ವಲ್ಪ ಜಾಸ್ತಿ. ಈ ವರ್ಷ ಸರ್ಕಾರ ಅಂಗಡಿ ತೆರಿಗೆ ಇಳಿಸಿತ್ತು. ಅಂದಿನಿಂದ ಅವನನ್ನು ಹಿಡಿಯುವವರೇ ಇರಲಿಲ್ಲ.

"ಅಕ್ಕಾ, ನೆರವಂತೆ ನೆರವು! ಅದು ಊರುಗೋಲು. ಹಿಡ್ಕೊಂಡೋರು ಹಿಡ್ಕೊಂಡೇ ಇರ್ತಾರೆ. ತೆರಿಗೆ ಇಳ್ಸಿದ್ರೆ ನೋಡು, ಜನ ತಾವೇ ದುಡೀತಾರೆ, ಬಡತನ ತಾನೇ ಓಡುತ್ತೆ. ಆ ನೆರವು ಬಿಟ್ಟಾಕಿ ಬೋರ್ಡು ಹಾಕಮ್ಮ ಸೊಸೆ."

"ನೀನು ಸುಮ್ನಿರೋ. ಹೆಸ್ರು ಬರ್ಸಿಕೊಳ್ಳೋವರ್ಗೂ ತೆರಿಗೆ ಇಲ್ಲ ಅಂತಾರೆ. ಎಲ್ಲಾರೂ ಬಲೆ ಒಳಗೆ ಬಂದ್ಮೇಲೆ ಹಗ್ಗ ಎಳೀತಾರೆ. ನೆರವಾದ್ರೆ ಕೈಗೆ ಬರುತ್ತೆ. ಬೋರ್ಡು ಬೇಡ, ಆ ಆಸ್ಪತ್ರೆ ಕೆಲ್ಸಾನೂ ಬೇಡ."

"ಮಾವ ನೆರವು ಬಿಡು ಅಂತಾರೆ, ಅತ್ತೆ ಕೆಲ್ಸ ಬಿಡು ಅಂತಾರೆ. ಇಬ್ರೂ ಸೇರಿ ನನ್ನ ಒಂದೊಂದು ಕೈ ಕಟ್ಟಿದ್ರೆ ನಾನು ಹೊಲಿಯೋದು ಹೇಗೆ?" ಎಂದಳು ಸೊಸೆ.

ಗಂಡನನ್ನು ನೋಡಿದಳು. ಅವನು ಊದಿದ ಕಾಲನ್ನು ನೀವಿಕೊಳ್ಳುತ್ತಾ, "ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ" ಎಂದ. ಗಂಡಸರಿಗೆ ಈ ಮಾತು ಯಾರು ಕಲಿಸುತ್ತಾರೋ ನನಗಂತೂ ಗೊತ್ತಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಮೇಟ್ರನ್ ಗುರುವಾರ ಬರಲಿ, ಮಿಷನ್ ನೋಡಲಿ, ಬೋರ್ಡಿನ ಮಾತು ಆಮೇಲೆ. ಬೀಗದಮ್ಮ ಗೊಣಗುತ್ತಲೇ ಹೂಂ ಎಂದರು.

ಆದರೆ ಮೇಟ್ರನ್‌ಗೆ ಗುರುವಾರ ಏನೋ ಮೀಟಿಂಗು ಬಿತ್ತು. ಅವರು ಬುಧವಾರವೇ ಹೊರಟುಬಿಟ್ಟರು. ಆ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿ ಚಾದರ ಹಿಂಡುತ್ತಿದ್ದೆ. ಸೊಸೆ ಗುಂಡಿ ಮತ್ತು ದಾರ ತರಲು ಪೇಟೆಗೆ ಹೋಗಿದ್ದಳು. ಮನೆಯಲ್ಲಿ ಇದ್ದವರು ಬೀಗದಮ್ಮ ಒಬ್ಬರೇ.

ಮಧ್ಯಾಹ್ನ ಮೇಟ್ರನ್ ನಮ್ಮ ವಿಭಾಗಕ್ಕೆ ಬಂದರು. ಮುಖ ಕೆಂಪಗೆ.

"ನೀನು ಹೇಳಿದ ಮನೆಗೆ ಹೋಗಿದ್ದೆ. ಅಲ್ಲಿ ಮಿಷನ್ನೂ ಇಲ್ಲ, ಹೊಲಿಯೋರೂ ಇಲ್ಲ. ನನ್ನ ಟೈಮು ಹಾಳುಮಾಡೋಕೆ ನಿಂಗೆ ಎಷ್ಟು ಧೈರ್ಯ?"

ನನಗೆ ತಲೆಬುಡ ತಿಳಿಯಲಿಲ್ಲ. ಕೆಲಸ ಮುಗಿಸಿ ನೇರ ಎದುರುಮನೆಗೆ ಹೋದೆ. ಸೊಸೆ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದಳು. ಬೀಗದಮ್ಮ ಬಾಗಿಲಲ್ಲೇ ನಿಂತಿದ್ದರು, ಯುದ್ಧ ಗೆದ್ದ ಸಂಭ್ರಮ.

"ಬಾ ಬಾ, ಇಬ್ರೂ ಕೇಳಿ! ಇವತ್ತು ಆ ಬೇಹುಗಾರಮ್ಮನಿಗೆ ಚೆನ್ನಾಗಿ ಮಣ್ಣು ಮುಕ್ಕಿಸ್ದೆ. ಈ ಸಲ ನಾನು ಮಲಗ್ಲಿಲ್ಲ, ಎದುರಿಗೇ ನಿಂತೆ. ಏನು ಜಂಬ ಅವಳಿಗೆ! ಕನ್ನಡಕ ಏರಿಸ್ಕೊಂಡು 'ಇಲ್ಲಿ ಹೊಲಿಗೆ ಮಿಷನ್ ಇದೆಯಾ?' ಅಂತ ಕೇಳಿದ್ಳು. ನೋಡಿದ್ರಾ, ಯಾರೋ ಚಾಡಿ ಹೇಳಿದ್ದಾರೆ! 'ಮಿಷನ್ನಾ? ನಮ್ಮ ಮನೇಲಿ ಸೂಜೀನೂ ಇಲ್ಲ ತಾಯಿ' ಅಂದೆ. 'ನಿಮ್ಮ ಸೊಸೆ ಹೊಲಿಯಲ್ವಾ?' ಅಂದ್ಳು. 'ಅವಳಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ, ಗುಂಡಿ ಕಿತ್ತೋದ್ರೆ ಪಿನ್ನು ಚುಚ್ಕೊಂಡು ಓಡಾಡ್ತಾಳೆ' ಅಂದೆ. ತೆಪ್ಪಗೆ ಹೋದ್ಳು!"

ನಾನು ಅವರ ಮಾತನ್ನು ತಡೆದೆ. "ಅಮ್ಮಾ, ಬಿಳೀ ಬಟ್ಟೆ ಹಾಕಿದ್ರಾ? ಎದೆ ಮೇಲೆ ಗಡಿಯಾರ ಸಿಗಿಸ್ಕೊಂಡಿದ್ರಾ?"

"ಹೌದು. ನಿಂಗೆ ಹೇಗೆ ಗೊತ್ತು?"

"ಅವರು ನಮ್ಮ ಮೇಟ್ರನ್."

ಸೊಸೆ ಕೈಯಲ್ಲಿದ್ದ ಗುಂಡಿಗಳ ಪೊಟ್ಟಣವನ್ನು ಮೆಲ್ಲಗೆ ಕೆಳಗಿಟ್ಟಳು. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

"ಇಷ್ಟು ವರ್ಷ ನೀವು ಬಚ್ಚಿಟ್ಟಿದ್ದು ಮಿಷನ್ ಅಲ್ಲ ಅತ್ತೆ, ನನ್ನನ್ನ. ನಂಗೆ ಕೆಲ್ಸ ಬರುತ್ತೆ ಅಂತ ಈ ಓಣಿ ಆಚೆ ಒಬ್ರಿಗೂ ಗೊತ್ತಿಲ್ಲ. ಗೊತ್ತಾಗೋ ದಿನ ಬಂದಾಗ ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಅಂದ್ರಿ."

ಅಷ್ಟು ಹೇಳಿ ಒಳಗೆ ಹೋಗಿ ಅತ್ತಳು. ನನಗೂ ಸಂಕಟವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ಬೀಗದಮ್ಮ ಜಗುಲಿಯ ಮೇಲೆ ಕೂತು ಬೀಗದ ಕೈಗಳನ್ನು ಒಂದೊಂದಾಗಿ ತಿರುವುತ್ತಿದ್ದರು. ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನನಗೆ ರಜೆ. ಬಾಗಿಲಲ್ಲಿ ಕೂತು ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುತ್ತಿದ್ದೆ. ಸೈಕಲ್ ರಿಪೇರಿಯವನು ಕೆಮ್ಮಿದ. ಓಣಿಯ ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ಈ ಸಲ ಬಂದವರು ನಿಜವಾದ ಬೇಹುಗಾರಮ್ಮ, ನೆರವಿನ ಕಚೇರಿಯ ಕಾರ್ಯಕರ್ತೆ. ಸಣಕಲು ಹೆಂಗಸು, ಮುಖದ ತುಂಬ ಬೆವರು.

ಬೀಗದಮ್ಮ ಅಭ್ಯಾಸಬಲದಿಂದ ಕಂಬಳಿ ಎಳೆಯಲು ಹೋದರು. ಸೊಸೆ ಅವರ ಕೈ ಹಿಡಿದಳು. ಕಂಬಳಿಯನ್ನು ಕಿತ್ತು ಮಂಚದ ಮೇಲೆ ಎಸೆದಳು. ಬಾಗಿಲನ್ನು ಹಾರು ಹೊಡೆದು, "ಬನ್ನಿ ಮೇಡಂ, ಒಳಗೆ ಬನ್ನಿ. ಇದು ನನ್ನ ಮಿಷನ್. ನಾನು ಹೊಲೀತೀನಿ, ದುಡ್ಡು ತಗೋತೀನಿ. ನೆರವು ನಿಲ್ಲಿಸೋದಾದ್ರೆ ನಿಲ್ಲಿಸಿ. ಆದ್ರೆ ಯಾಕೆ ನಿಲ್ಲಿಸ್ತೀರಿ ಅಂತ ಹೇಳಿ ನಿಲ್ಲಿಸಿ" ಎಂದಳು.

ನಾನು ಒಂದೇ ಚಪ್ಪಲಿಯಲ್ಲಿ ರಸ್ತೆ ದಾಟಿ ಅಲ್ಲಿಗೆ ಹೋದೆ. ಇಂಥದನ್ನು ಯಾರು ಬಿಡುತ್ತಾರೆ?

ಕಾರ್ಯಕರ್ತೆ ಮಿಷನ್ ನೋಡಿದರು. ಹತ್ತಿರ ಹೋಗಿ ಚಕ್ರ ತಿರುಗಿಸಿದರು. "ಎಷ್ಟು ಚೆನ್ನಾಗಿಟ್ಟಿದ್ದೀರಿ! ಮಿಷನ್ ಇದ್ರೆ ನೆರವು ನಿಲ್ಲುತ್ತೆ ಅಂತ ಯಾರು ಹೇಳಿದ್ದು?"

"ನಾನು ಹೇಳಿದ್ದು" ಎಂದರು ಬೀಗದಮ್ಮ. "ನನ್ನ ತಂಗೀದು ಫ್ಯಾನ್ ನೋಡಿ ನಿಲ್ಲಿಸಿದ್ರು. ಸುಳ್ಳಾ?"

ನಾನು ಅಂದುಕೊಂಡೆ, ಈಗ ಈಕೆ ಬೆಣ್ಣೆಯಂಥ ಮಾತಾಡಿ ಜಾರಿಕೊಳ್ಳುತ್ತಾಳೆ ಎಂದು. ಆದರೆ ಆಕೆ, "ಸುಳ್ಳಲ್ಲಮ್ಮ. ಆಗ ನಿಯಮ ಹಾಗೇ ಇತ್ತು. ಕೆಟ್ಟ ನಿಯಮ. ಜನ ಎಲ್ಲಾ ಬಚ್ಚಿಡೋಕೆ ಶುರುಮಾಡಿದ್ರು, ಬಡವರು ಬಡವರಾಗೇ ಉಳಿದ್ರು. ಅದಕ್ಕೇ ಬದಲಾಯಿಸಿದ್ದಾರೆ. ಅದನ್ನ ಹೇಳೋಕೇ ಬರ್ತಿದ್ದೀನಿ. ಬಂದಾಗೆಲ್ಲ ನೀವು ಗೋಡೆ ಕಡೆ ತಿರುಗಿ ನರಳ್ತಿರ್ತೀರಿ, ನಿಮ್ಮ ಸೊಸೆ ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸ್ತಾರೆ" ಎಂದರು.

ಬಿಸಿಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಬೀಗದಮ್ಮ ಇನ್ನೂ ಊದುತ್ತಲೇ ಇದ್ದರು. "ಹಾಗಾದ್ರೆ ಈಗಿನ ನಿಯಮ ಏನು? ಬಿಡಿಸಿ ಹೇಳು."

"ಮನೇಲಿ ಏನಿದೆ ಅಂತ ನಾವು ಈಗ ನೋಡಲ್ಲ. ಗಳಿಕೆ ಎಷ್ಟು ಅಂತ ಕೇಳ್ತೀವಿ. ಗಳಿಕೆ ಏರಿದ್ರೆ ನೆರವು ಒಂದೇ ಸಲ ನಿಲ್ಲಲ್ಲ, ಮೆಲ್ಲಗೆ ಇಳಿಯುತ್ತೆ. ಹತ್ತು ಕಾಸು ಹೆಚ್ಚು ದುಡಿದ್ರೆ ನೆರವಲ್ಲಿ ಮೂರು ಕಾಸು ಕಡಿಮೆ. ಮಿಕ್ಕ ಏಳು ಕಾಸು ನಿಮ್ಮ ಕೈಯಲ್ಲೇ. ದುಡಿದ್ರೆ ಯಾವತ್ತೂ ನಷ್ಟ ಇಲ್ಲ."

"ಗಿರಾಕಿ ಬರೋದು ನಿಂತ್ರೆ?"

"ಬಂದು ಹೇಳಿ. ನೆರವು ಮತ್ತೆ ಏರುತ್ತೆ."

"ಹೇಳದೇ ಇದ್ರೆ? ಬಚ್ಚಿಟ್ರೆ?"

"ಆಮೇಲೆ ಗೊತ್ತಾದ್ರೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರೆ. ಬಚ್ಚಿಡೋದ್ರಲ್ಲೇ ನಷ್ಟ ಇರೋದು."

"ಮತ್ತೆ ಬೋರ್ಡು ಹಾಕಿದ್ರೆ ತೆರಿಗೆಯವರು ಬಂದು ಸುಲ್ಕೊಂಡು ಹೋಗಲ್ವಾ?"

"ಸಣ್ಣ ಅಂಗಡಿಗೆ ಈಗ ತೆರಿಗೆ ಇಲ್ಲ. ಆದ್ರೆ ಆ ವಿನಾಯಿತಿ ನೋಂದಣಿ ಮಾಡ್ಸಿದವರಿಗೆ ಮಾತ್ರ. ಮುಂದೆ ಅಂಗಡಿ ದೊಡ್ಡದಾದ್ರೆ ಕಟ್ಟಬೇಕಾಗುತ್ತೆ, ಅದನ್ನೂ ಈಗ್ಲೇ ಹೇಳಿರ್ತೀನಿ. ನನ್ನೊಬ್ಬಳ ಮಾತೇ ನಂಬ್ಬೇಡಿ, ಎರಡೂ ಕಚೇರಿಗೆ ಹೋಗಿ ಕೇಳಿ."

"ನಿನ್ನನ್ನ ಯಾರು ನಂಬ್ತಾರೆ? ಹೋಗಿ ಕೇಳ್ತೀನಿ" ಎಂದರು ಬೀಗದಮ್ಮ. ಕಾರ್ಯಕರ್ತೆಗೆ ನಗು ಬಂತು.

ಬಾಗಿಲು ತೆರೆದಿರುವುದನ್ನು ಕಂಡು ಟೈರ್ ಮಾವನೂ ಒಳಗೆ ನುಗ್ಗಿದ್ದ. ವಿನಾಯಿತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಉಬ್ಬಿಹೋದ. "ನಾನು ಹೇಳ್ಲಿಲ್ವಾ? ತೆರಿಗೆ ಇಳ್ಸಿದ್ದೇ ಮದ್ದು! ನೆರವು ಕೊಡ್ತಾ ಹೋದ್ರೆ ಯಾರು ಎದ್ದು ದುಡೀತಾರೆ?"

ಬೀಗದಮ್ಮನ ಅನುಮಾನದ ಕಣ್ಣು ಈಗ ತಮ್ಮನ ಕಡೆ ತಿರುಗಿತು. "ನಿನ್ನ ತೆರಿಗೆ ಇಳೀತಲ್ಲ, ಉಳಿದ ದುಡ್ಡು ಏನು ಮಾಡ್ದೆ? ಪಂಚರ್ ಹಾಕೋನ ಕೂಲಿ ಏರಿಸ್ದಾ?"

ಮಾವ ಗಂಟಲು ಸರಿಮಾಡಿಕೊಂಡ. "ಕೂಲಿ... ಏರ್ಸಿಲ್ಲ. ಹೊಸ ಗಾಳಿ ಮಿಷನ್ ತಂದೆ. ಕೆಲ್ಸ ಜಾಸ್ತಿ ಆಯ್ತು, ಇನ್ನೊಬ್ಬನ್ನ ಸೇರಿಸ್ಕೊಂಡೆ. ಅವನ ಮನೇಲಿ ಒಲೆ ಉರೀತಿದೆ, ಅದು ಸುಳ್ಳಾ?"

"ಸುಳ್ಳಲ್ಲ ಮಾವ" ಎಂದಳು ಸೊಸೆ. "ಒಬ್ಬನಿಗೆ ಕೆಲ್ಸ ಸಿಕ್ಕಿದೆ, ಒಳ್ಳೇದೇ. ಆದ್ರೆ ನಿಮ್ಮ ಅಳಿಯನ ಕಾಲು ಮುರಿದಾಗ ನಮ್ಗೆ ಗಳಿಕೇನೇ ಇರ್ಲಿಲ್ಲ. ಗಳಿಕೆ ಇಲ್ದೋರಿಗೆ ಯಾವ ತೆರಿಗೆ ಇಳಿಸ್ತೀರಿ? ಅವತ್ತು ನೆರವು ಬರದೇ ಇದ್ದಿದ್ರೆ ಮಕ್ಕಳು ಶಾಲೆ ಬಿಟ್ಟು ಲೋಟ ತೊಳೀತಿದ್ರು. ನಾನು ಹೊಲಿಗೆ ಕಲಿಯೋ ಬದಲು ಯಾರದೋ ಮನೆ ನೆಲ ಒರೆಸ್ತಿದ್ದೆ. ನೆರವಿಂದ ಕುಂತಿದ್ದೋಳು ಎದ್ದೆ. ಎದ್ಮೇಲೆ ನಡೀಬೇಕಲ್ಲ? ಅದಕ್ಕೆ ಅಂಗಡಿ ಬೇಕು. ಅಂಗಡಿಗೆ ಮೊದಲ ದಿನವೇ ತೆರಿಗೆ ಹಾಕಿದ್ರೆ ಮತ್ತೆ ಕೂತ್ಬಿಡ್ತೀನಿ."

ಮಾವ ಒಪ್ಪಲಿಲ್ಲ. "ಆದ್ರೂ ನೆರವಿಗೆ ದುಡ್ಡು ಎಲ್ಲಿಂದ ಬರುತ್ತೆ? ನಮ್ಮ ತೆರಿಗೆಯಿಂದಾನೇ ತಾನೆ?" ಎಂದ. ಅದೂ ಸರಿಯೇ. ಹಾಗೆಂದು ಸೊಸೆ ಹೇಳಿದ್ದೂ ಸುಳ್ಳಲ್ಲ. ಇಂದಿಗೂ ಅವರಿಬ್ಬರೂ ಸೇರಿದಾಗ ಇದೇ ಜಗಳ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಕಾರ್ಯಕರ್ತೆ ಹೋದ ಮೇಲೆ ಬೀಗದಮ್ಮ ನನ್ನನ್ನು ಕರೆದರು. "ನಿಮ್ಮ ಮೇಟ್ರನ್ ಹತ್ರ ಕರ್ಕೊಂಡು ಹೋಗ್ತೀಯಾ?" ಎಂದರು. ದಾರಿಯಲ್ಲಿ ನೆರವಿನ ಕಚೇರಿಗೂ ತೆರಿಗೆ ಕಚೇರಿಗೂ ನುಗ್ಗಿ, ಅದೇ ಪ್ರಶ್ನೆಗಳನ್ನು ಅದೇ ಗಡಸು ದನಿಯಲ್ಲಿ ಕೇಳಿದರು. ಅಲ್ಲಿಯ ಗುಮಾಸ್ತರು ಹೇಳಿದ್ದೂ ಕಾರ್ಯಕರ್ತೆ ಹೇಳಿದ್ದೂ ತಾಳೆಯಾಯಿತು. ಆಗ ಮಾತ್ರ ಬೀಗದಮ್ಮನ ಹುಬ್ಬು ಸ್ವಲ್ಪ ಸಡಿಲವಾಯಿತು.

ಮೇಟ್ರನ್ ಮೀಟಿಂಗು ಮುಗಿಸಿ ಔಷಧಿ ಕಪಾಟಿನ ಮುಂದೆ ನಿಂತಿದ್ದರು. ಬೀಗದಮ್ಮನನ್ನು ಕಂಡು ಹುಬ್ಬು ಗಂಟಿಕ್ಕಿದರು.

"ನಿನ್ನೆ ನಾನು ಸುಳ್ಳು ಹೇಳಿದೆ ತಾಯಿ. ಮಿಷನ್ ಇದೆ. ನನ್ನ ಸೊಸೆ ಹೊಲೀತಾಳೆ. ಅವಳಷ್ಟು ಚೆನ್ನಾಗಿ ಯಾರೂ ಹೊಲಿಯಲ್ಲ" ಎಂದರು ಬೀಗದಮ್ಮ.

"ನಿನ್ನೆ ಸೂಜೀನೂ ಇಲ್ಲ ಅಂದ್ರಿ. ಇವತ್ತು ಎಲ್ಲಾ ಇದೆ ಅಂತೀರಿ. ನಾನು ಯಾವುದನ್ನ ನಂಬ್ಲಿ?"

ಜೀವಮಾನವೆಲ್ಲ ಲೋಕವನ್ನು ಅನುಮಾನಿಸಿದ ಹೆಂಗಸು ಅಂದು ತಾನೇ ಅನುಮಾನದ ಎದುರು ನಿಂತಿದ್ದಳು. ನನಗೆ ಪಾಪ ಎನಿಸಿತು.

"ನಂಬ್ಬೇಡಿ" ಎಂದರು ಬೀಗದಮ್ಮ ಕೊನೆಗೆ. "ಬಂದು ನೋಡಿ. ನಿಮ್ಮ ಮುಂದೆನೇ ಒಂದು ಅಂಗಿ ಹೊಲೀಲಿ. ಸರಿ ಕಾಣದಿದ್ರೆ ಕೆಲ್ಸ ಕೊಡ್ಬೇಡಿ. ನನ್ನ ನಾಲಿಗೆ ತಪ್ಪಿಗೆ ಅವಳ ಕೈಗೆ ಶಿಕ್ಷೆ ಕೊಡ್ಬೇಡಿ ತಾಯಿ."

ಮೇಟ್ರನ್ ಸಂಜೆ ಬಂದರು. ಕುರ್ಚಿ ಎಳೆದುಕೊಂಡು ಮಿಷನ್ನಿನ ಪಕ್ಕದಲ್ಲೇ ಕೂತರು. ಸೊಸೆ ಬಟ್ಟೆ ಕತ್ತರಿಸಿ, ಅಂಚು ಮಡಚಿ, ಲಾಡಿ ಕೂರಿಸಿ ನಿಲುವಂಗಿ ಕೈಗಿಟ್ಟಳು. ಮೇಟ್ರನ್ ಲಾಡಿಯನ್ನು ಜಗ್ಗಿ ನೋಡಿದರು, ಒಳಮೈ ತಿರುವಿ ನೋಡಿದರು.

"ಹೊಲಿಗೆ ಚೆನ್ನಾಗಿದೆ. ಆದ್ರೆ ಒಂದು ಮಾತು. ನಿನ್ನೆ ಇಲ್ಲಿಂದ ಹೋದ್ಮೇಲೆ ಅರ್ಧ ಕೆಲ್ಸನ ಪೇಟೆಯ ಇನ್ನೊಬ್ಬ ದರ್ಜಿಗೆ ಕೊಟ್ಟುಬಿಟ್ಟೆ. ಕೊಟ್ಟ ಮಾತು ವಾಪಸ್ ತಗೊಳ್ಳೋಕಾಗಲ್ಲ. ಮಿಕ್ಕರ್ಧ ನಿಂಗೆ. ನೋಂದಣಿ ಮಾಡ್ಸಿ ಬಾ."

ಅರ್ಧ! ಇಡಿಯಾಗಿ ಬರಬೇಕಾದದ್ದು ಅರ್ಧ ಬಂತು. ಆದರೂ ಸೊಸೆ ಕಣ್ಣೊರೆಸಿಕೊಂಡು ನಕ್ಕಳು. ಅವಳ ಗಂಡ ಅಂದು ಮೊದಲ ಬಾರಿಗೆ ಒಂದೇ ಕಡೆ ನಿಂತು ಮಾತಾಡಿದ. "ಬೋರ್ಡು ನಾನು ಬರೀತೀನಿ" ಎಂದ. ಈಗ ಡಿಪೋ ಬಿಟ್ಟ ಅವನಿಗೂ ಕೂತು ಮಾಡುವ ಕೆಲಸ ಸಿಕ್ಕಿದೆ. ಬಟ್ಟೆ ಕತ್ತರಿಸುತ್ತಾನೆ, ಗುಂಡಿ ಹಾಕುತ್ತಾನೆ, ಬಿಲ್ಲು ಬರೆಯುತ್ತಾನೆ. ಮನೆಯ ಗಳಿಕೆ ಏರಿದೆ. ಕಾರ್ಯಕರ್ತೆ ಹೇಳಿದ ಹಾಗೆಯೇ ನೆರವು ಮೆಲ್ಲಗೆ ಇಳಿದಿದೆ. ಹೇಳಿದ್ದಕ್ಕಿಂತ ಒಂದು ಕಾಸು ಹೆಚ್ಚು ಇಳಿಯಿತೇ ಎಂದು ಬೀಗದಮ್ಮ ಪ್ರತಿ ತಿಂಗಳೂ ಕಚೇರಿಗೆ ಹೋಗಿ ಕೇಳುತ್ತಾರೆ. ಒಮ್ಮೆ ಹೆಚ್ಚು ಇಳಿದೂ ಇತ್ತು. ಗುಮಾಸ್ತನಿಂದ ಆದ ತಪ್ಪು. ಬೀಗದಮ್ಮ ಅವನನ್ನು ನಿಲ್ಲಿಸಿ ನೀರಿಳಿಸಿ ಸರಿಮಾಡಿಸಿಕೊಂಡು ಬಂದರು.

ಆದರೆ ಹೋದ ಅರ್ಧ ಹೋಯಿತು. ಪೇಟೆಯ ಆ ದರ್ಜಿ ಹೊಲಿದ ಅಂಗಿಗಳು ನಮ್ಮ ವಿಭಾಗಕ್ಕೆ ಒಗೆಯಲು ಬರುತ್ತವೆ. ಲಾಡಿ ಕಿತ್ತು ಬಂದದ್ದನ್ನು ನೋಡಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರಿನ ನಿಯಮ ನಮ್ಮದರಂತೆಯೇ ಇರುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮದು ಮೊದಲು ಕೆಟ್ಟದಾಗಿತ್ತು, ನಿಮ್ಮದು ಇನ್ನೂ ಹಾಗೇ ಇರಬಹುದು. ಅದನ್ನು ತಿಳಿಯಲು ಇರುವುದು ಒಂದೇ ದಾರಿ, ಕೇಳುವುದು. ದುಡಿಮೆಯನ್ನು ಬಚ್ಚಿಡುವ ಮೊದಲು, ಬಂದ ಕೆಲಸವನ್ನು ಬೇಡ ಎನ್ನುವ ಮೊದಲು, ಕಚೇರಿಗೆ ಹೋಗಿ ಬಾಯಿಬಿಟ್ಟು ಕೇಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನಿಮ್ಮ ಸಂಘದವರನ್ನು ಕರೆದುಕೊಂಡು ಹೋಗಿ. ನಿಯಮ ಕೆಟ್ಟದಾಗಿದ್ದರೆ ಬದಲಾಯಿಸಿ ಎಂದು ಎಲ್ಲರೂ ಸೇರಿ ಗಟ್ಟಿಯಾಗಿ ಹೇಳಿ.

ಮತ ಕೇಳಲು ಬರುವವರಿಗೂ ಇದೇ ಮದ್ದು. ತೆರಿಗೆ ಇಳಿಸುತ್ತೇವೆ ಎಂದು ಬಂದವರನ್ನು ಕೂರಿಸಿ ಕೇಳಿ: ಗಳಿಕೆಯೇ ಇಲ್ಲದವರಿಗೆ ಏನು ಕೊಡುತ್ತೀರಿ? ಉಳಿದ ಹಣ ಕೆಲಸದವರ ಕೈಗೆ ಬರುತ್ತದೆ ಎಂದು ಯಾವ ಆಧಾರದಲ್ಲಿ ಹೇಳುತ್ತೀರಿ? ನೆರವು ಕೊಡುತ್ತೇವೆ ಎಂದು ಬಂದವರನ್ನೂ ಕೂರಿಸಿ ಕೇಳಿ: ಹಣ ಎಲ್ಲಿಂದ ತರುತ್ತೀರಿ? ನಾನು ದುಡಿಯಲು ಶುರುಮಾಡಿದ ದಿನ ಅದನ್ನು ಕಿತ್ತುಕೊಳ್ಳುತ್ತೀರೋ, ಮೆಲ್ಲಗೆ ಇಳಿಸುತ್ತೀರೋ? ಉತ್ತರ ಬಿಡಿಸಿ ಹೇಳುವವರೆಗೆ ಎದ್ದು ಹೋಗಲು ಬಿಡಬೇಡಿ. ಅನುಮಾನ ಪಡುವುದು ನಮ್ಮ ಹಕ್ಕು. ಆದರೆ ಗೋಡೆಗೆ ಮುಖ ಮಾಡಿ ಮಲಗಿ ಅನುಮಾನಿಸಿದರೆ ಯಾರಿಗೂ ತಟ್ಟುವುದಿಲ್ಲ. ಎದ್ದು ಬಂದು, ಅವರ ಕಣ್ಣಲ್ಲಿ ಕಣ್ಣಿಟ್ಟು ಕೇಳಿ.